ಕಾರಿಗೆ ಕಾರ್ಬನ್ ಫೈಬರ್ ಅಲಂಕಾರ: ಫಿಲಂ ಸಾಕಾ, ನಿಜವಾದದ್ದೇ ಬೇಕಾ?

ತುಂಗಾತೀರ (ಶಿವಮೊಗ್ಗ), ಆಗಸ್ಟ್ 2

ಎಲ್ಲರಿಗೂ ನಮಸ್ಕಾರ. ನಮ್ಮನೆ ಬಿಳಿ ಹ್ಯಾಚ್‌ಬ್ಯಾಕ್‌ಗೆ ಈಗ ಏಳು ವರ್ಷ. ಇಂಜಿನ್ ಚೆನ್ನಾಗಿದೆ, ಅಮ್ಮನಿಗೆ ಹತ್ತಿ ಇಳಿಯೋದಕ್ಕೆ ಸೀಟಿನ ಎತ್ತರ ಸರಿಹೊಂದಿದೆ, ಮಾರುವ ಯೋಚನೆ ಇಲ್ಲವೇ ಇಲ್ಲ. ಆದರೆ ಗೇರ್ ಸುತ್ತ ಇರುವ ಹೊಳಪಿನ ಕಪ್ಪು ಪ್ಲಾಸ್ಟಿಕ್ ಮೇಲೆ ಉಂಗುರ, ಕೀಲಿಕೈ ತಾಗಿ ತಾಗಿ ಜೇಡರ ಬಲೆಯ ಹಾಗೆ ಗೀರು ಬಿದ್ದಿದೆ. ಹೊರಗೆ ಎರಡೂ ಬಾಗಿಲ ನಡುವಿನ ಕಪ್ಪು ಪಟ್ಟಿ (ಬಿ-ಪಿಲ್ಲರ್) ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದೆ. ಎಡಗಡೆ ಕನ್ನಡಿಯ ಕವರ್ ನಮ್ಮ ಗೇಟಿಗೆ ಉಜ್ಜಿ ಬಣ್ಣ ಹೋಗಿದೆ.

ಇವಿಷ್ಟಕ್ಕೆ ಕಾರ್ಬನ್ ಫೈಬರ್ ಹಾಕಿಸೋಣ ಅಂತ ಹೋದ ವಾರ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದೆ. ನಾಲ್ಕೂ ಕಡೆ ಬಾಯಲ್ಲಿ ಬಂದದ್ದು "ಕಾರ್ಬನ್ ಫೈಬರ್" ಅಂತಲೇ. ಕೈಗೆ ಕೊಟ್ಟದ್ದು ಮಾತ್ರ ಒಂದೊಂದು ಕಡೆ ಒಂದೊಂದು. ಒಬ್ಬರು ಸುರುಳಿಯಿಂದ ಸ್ಟಿಕ್ಕರ್ ಬಿಚ್ಚಿ ತೋರಿಸಿದರು. ಇನ್ನೊಬ್ಬರು ಹಿಂದೆ ಟೇಪ್ ಇರುವ ಗಟ್ಟಿ ತುಂಡು. ಮೂರನೆಯವರು ಪ್ಲಾಸ್ಟಿಕ್ ಬಿಚ್ಚಿ ಕೊಡಿ, ನೀರಲ್ಲಿ ಅದ್ದಿಸಿ ಕೊಡ್ತೀವಿ ಅಂದರು. ನಾಲ್ಕನೆಯವರು ಸೀದಾ ಒಂದು ಬಾನೆಟ್ಟನ್ನೇ ಗೋಡೆಯಿಂದ ಇಳಿಸಿ ತಂದರು. ಬೆಲೆ ಅಂಗಡಿಯಿಂದ ಅಂಗಡಿಗೆ ಎಷ್ಟೋ ಪಟ್ಟು ಏರುತ್ತಾ ಹೋಯಿತು. ಇವುಗಳಲ್ಲಿ ಯಾವುದು ಯಾವುದಕ್ಕೆ ಸರಿ? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಸ್ಕ್ವೀಜಿ (ಮೈಸೂರು), ಆಗಸ್ಟ್ 2

ತುಂಗಾತೀರ ಸರ್, ಹನ್ನೊಂದು ವರ್ಷದಿಂದ ನಾನು ಕಾರಿಗೆ ಫಿಲಂ ಅಂಟಿಸೋ ಇದೇ ರ‍್ಯಾಪಿಂಗ್ ಕೆಲಸ ಮಾಡ್ತಿದ್ದೀನಿ. ನೀವು ನೋಡಿದ ನಾಲ್ಕೂ ಬೇರೆ ಬೇರೆ ಸಾಮಾನು, ಹೆಸರು ಮಾತ್ರ ಒಂದೇ ಆಗಿಬಿಟ್ಟಿದೆ.

ಸುರುಳಿಯಲ್ಲಿ ಬರೋದು ವಿನೈಲ್ ಫಿಲಂ. ಅದರಲ್ಲಿ ಕಾರ್ಬನ್ನಿನ ಎಳೆ ಒಂದೂ ಇರಲ್ಲ. ಪಿವಿಸಿ ಮೇಲೆ ನೇಯ್ಗೆ ಥರ ಉಬ್ಬುತಗ್ಗು ಮೂಡಿಸಿರ್ತಾರೆ ಅಷ್ಟೇ. ಇದರಲ್ಲೂ ಎರಡು ಜಾತಿ. ಬಿಸಿ ರೋಲರುಗಳ ನಡುವೆ ಲಟ್ಟಿಸಿ ತೆಗೆದದ್ದು ಕ್ಯಾಲೆಂಡರ್ಡ್, ದ್ರವವಾಗಿ ಸುರಿದು ಒಣಗಿಸಿದ್ದು ಕಾಸ್ಟ್. ಚಪಾತಿ ಲಟ್ಟಿಸಿ ಬಿಟ್ಟರೆ ಅಂಚು ಮೆಲ್ಲಗೆ ಒಳಕ್ಕೆ ಎಳ್ಕೊಳ್ಳುತ್ತಲ್ಲ, ಕ್ಯಾಲೆಂಡರ್ಡ್ ಫಿಲಂ ಅದೇ ಥರ. ಅಂಟಿಸಿದ ದಿನ ಚೆನ್ನಾಗಿರುತ್ತೆ, ಎರಡು ಬೇಸಿಗೆ ಕಳೆಯೋಷ್ಟರಲ್ಲಿ ಅಂಚಿನಿಂದ ಹಿಂದಕ್ಕೆ ಸರಿದು ಅಂಟಿನ ಗೆರೆ ಕಾಣಿಸುತ್ತೆ. ಕಾಸ್ಟ್ ಫಿಲಂ ದೋಸೆ ಹುಯ್ದ ಹಾಗೆ, ಹುಯ್ದ ಆಕಾರದಲ್ಲೇ ನಿಲ್ಲುತ್ತೆ. ಕನ್ನಡಿ ಕವರ್ ಥರ ಎರಡೂ ಕಡೆ ಬಾಗಿದ ಜಾಗಕ್ಕೆ ಕಾಸ್ಟ್ ಬಿಟ್ಟು ಬೇರೆ ಹಾಕಿಸಬೇಡಿ. 3ಎಂ, ಏವರಿ ಡೆನಿಸನ್ ಇಬ್ಬರದ್ದೂ ಕಾಸ್ಟ್ ಫಿಲಂ ಸಿಗುತ್ತೆ. ಸುರುಳಿಯ ತುದಿಯಲ್ಲಿ ಅಥವಾ ಹಿಂದಿನ ಕಾಗದದ ಮೇಲೆ ಹೆಸರಿದೆಯಾ ನೋಡ್ಕೊಳ್ಳಿ, ಹಿಂಬದಿಯ ಅಂಟಿನಲ್ಲಿ ಗಾಳಿ ಹೋಗೋ ಸಣ್ಣ ಸಣ್ಣ ಕಾಲುವೆ ಇರಬೇಕು.

ನೀರಲ್ಲಿ ಅದ್ದೋದಕ್ಕೆ ಹೈಡ್ರೋ ಡಿಪ್ಪಿಂಗ್ ಅಂತಾರೆ. ನೀರಲ್ಲಿ ಕರಗೋ ಪಿವಿಎ ಹಾಳೆ ಮೇಲೆ ಚಿತ್ರ ಅಚ್ಚಾಗಿರುತ್ತೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಚಿತ್ರದ ಬಣ್ಣ ಮೆತ್ತಗೆ ಮಾಡೋ ಆ್ಯಕ್ಟಿವೇಟರ್ ಸಿಂಪಡಿಸಿ, ಭಾಗವನ್ನ ನಿಧಾನವಾಗಿ ಮುಳುಗಿಸಿದರೆ ಚಿತ್ರ ಸುತ್ತಲೂ ಹತ್ತಿಕೊಳ್ಳುತ್ತೆ. ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಏಸಿ ಕಿಂಡಿ, ಗುಂಡಿಗಳ ಸುತ್ತಲಿನ ಚೌಕಟ್ಟಿನಂಥ ಸಂದುಗೊಂದಿನ ಭಾಗಕ್ಕೆ ಒಳ್ಳೇದು. ಆದರೆ ವಾಪಸ್ ತೆಗೆಯೋಕಾಗಲ್ಲ.

ಗಟ್ಟಿ ತುಂಡು ನಿಜವಾದ ಕಾರ್ಬನ್ನೂ ಆಗಿರಬಹುದು, ಚಿತ್ರ ಅಚ್ಚಾದ ಪ್ಲಾಸ್ಟಿಕ್ಕೂ ಆಗಿರಬಹುದು. ಬಾನೆಟ್ ವಿಷಯ ಇಲ್ಲಿನ ಹಿರಿಯರು ಹೇಳ್ತಾರೆ.

ಮುರುಗೇಶಪಾಳ್ಯದ ಹಳಬ (ಬೆಂಗಳೂರು), ಆಗಸ್ಟ್ 3

ನಾನು ವಿಮಾನದ ಕಾಂಪೋಸಿಟ್ (ನಾರು, ರಾಳ ಸೇರಿಸಿ ಗಟ್ಟಿ ಮಾಡಿದ) ಭಾಗಗಳನ್ನು ಪದರ ಪದರವಾಗಿ ಹಾಸುವ ಕೆಲಸದಲ್ಲಿ ಬದುಕು ಕಳೆದು ನಿವೃತ್ತನಾದವನು. ಕಾರ್ಬನ್ ಫೈಬರ್ ಅಂದರೆ ವಿದೇಶದ ರೇಸ್ ಕಾರಿನ ವಸ್ತು ಅಂತ ಹುಡುಗರು ತಿಳಿದಿರುತ್ತಾರೆ. ನಮ್ಮ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಶೇ 45ರಷ್ಟು ಕಾಂಪೋಸಿಟ್ಟೇ ಇದೆ. ಅದರ ಬಾಲದ ಫಿನ್ನು, ರಡ್ಡರ್‌ಗಳನ್ನು ರೂಪಿಸುವುದರಲ್ಲಿ ನಮ್ಮ ಬೆಂಗಳೂರಿನಲ್ಲಿ ವಿಮಾನ ಸಂಶೋಧನೆ ನಡೆಸುವ ಎನ್‌ಎಎಲ್ ಸಂಸ್ಥೆಯ ಪಾಲು ದೊಡ್ಡದು. ಈ ಊರಿನ ಎಷ್ಟೋ ಕೈಗಳಿಗೆ ಕಾರ್ಬನ್ ಎಳೆಯಿಂದ ನೇಯ್ದ ಈ ಬಟ್ಟೆಯ ಪರಿಚಯ ಇದೆ.

ವಸ್ತು ಏನು ಅಂತ ಮೊದಲು ಹೇಳುತ್ತೇನೆ, ಆಮೇಲೆ ಬಾನೆಟ್ಟಿಗೆ ಬರುತ್ತೇನೆ. ಪಿಎಎನ್ ಎಂಬ ಕೃತಕ ನೂಲನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಗಾಳಿಯಲ್ಲಿ ಹದಗೊಳಿಸಿ, ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿಸಿ ಸುಟ್ಟರೆ ಉಳಿಯುವುದು ಹೆಚ್ಚುಕಡಿಮೆ ಬರೀ ಇಂಗಾಲದ ಎಳೆ. ಒಂದೊಂದು ಎಳೆ ಸುಮಾರು 7 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಅಂಥ 3,000 ಎಳೆ ಸೇರಿದ ಪಟ್ಟಿಗೆ 3ಕೆ ಅನ್ನುತ್ತಾರೆ. ಕಾರಿನವರು ಮೆಚ್ಚುವ ಓರೆ ಗೆರೆಯ ನೇಯ್ಗೆ 2×2 ಟ್ವಿಲ್. ಎರಡು ಪಟ್ಟಿ ಮೇಲೆ, ಎರಡು ಪಟ್ಟಿ ಕೆಳಗೆ, ಪ್ರತಿ ಸಾಲಿಗೂ ಒಂದು ಪಟ್ಟಿ ಜರುಗಿಸಿ ನೇಯುತ್ತಾರೆ. ಮಗ್ಗದ ಕೆಲಸ ಬಲ್ಲವರಿಗೆ ಇದು ಹೊಸದಲ್ಲ.

ಆದರೆ ಬರೀ ಬಟ್ಟೆಗೆ ಬಿಗಿ ಇಲ್ಲ. ಎಪಾಕ್ಸಿ ಎಂಬ ರಾಳ ಕುಡಿಸಿ ಗಟ್ಟಿ ಮಾಡಿದಾಗಲೇ ಅದಕ್ಕೆ ಶಕ್ತಿ. ಇದನ್ನು ಮೂರು ರೀತಿಯಲ್ಲಿ ಮಾಡುತ್ತಾರೆ. ಕೈಯಲ್ಲಿ ಬ್ರಶ್ ಹಿಡಿದು ರಾಳ ಹಚ್ಚುವುದು ಸುಲಭದ ದಾರಿ. ಅದರಲ್ಲಿ ರಾಳ ಹೆಚ್ಚಾಗಿ ತೂಕ ಏರುತ್ತದೆ. ಎರಡನೆಯದು ನಿರ್ವಾತ ಚೀಲದಲ್ಲಿಟ್ಟು ರಾಳವನ್ನು ಎಳೆಸುವುದು, ಇದು ಒಳ್ಳೆಯದು. ಮೂರನೆಯದು ರಾಳ ಮೊದಲೇ ಕುಡಿದ ಪ್ರಿಪ್ರೆಗ್. ಅದನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಇಟ್ಟಿದ್ದು, ಅಚ್ಚಿಗೆ ಹಾಸಿ, ಆಟೋಕ್ಲೇವ್ ಎಂಬ ದೊಡ್ಡ ಒತ್ತಡದ ಒಲೆಯಲ್ಲಿ ಬೇಯಿಸುತ್ತಾರೆ. ಪೇಟೆಯಲ್ಲಿ 'ಡ್ರೈ ಕಾರ್ಬನ್' ಅನ್ನುವುದು ಇದಕ್ಕೆ. 1981ರಲ್ಲಿ ಮೆಕ್‌ಲಾರೆನ್ ಎಂಪಿ4/1 ಕಾರು ಫಾರ್ಮುಲಾ ಒನ್‌ನಲ್ಲಿ ಮೊದಲ ಬಾರಿಗೆ ಪೂರ್ತಿ ಕಾರ್ಬನ್ ಮೊನೊಕಾಕ್ (ಒಂದೇ ಚಿಪ್ಪಿನಂಥ ಚೌಕಟ್ಟು) ಹೊತ್ತು ಓಡಿತು. ಜಾನ್ ಬರ್ನಾರ್ಡ್ ಅದರ ವಿನ್ಯಾಸಕಾರರು.

ಈಗ ಬಾನೆಟ್. ಅಂಗಡಿಯ ಗೋಡೆಯ ಮೇಲಿದ್ದದ್ದನ್ನು ಮಗುಚಿ ನೋಡಿದಿರಾ? ನಾನು ಕಂಡ ಬಹಳಷ್ಟು ಬಾನೆಟ್ಟುಗಳಲ್ಲಿ ಮೇಲಿನ ಒಂದು ಪದರ ಮಾತ್ರ ಕಾರ್ಬನ್, ಕೆಳಗೆ ಬಿಳಿ ಗಾಜಿನ ನಾರಿನ ಚಾಪೆ. ನೋಡಲು ನಿಜದ್ದೇ, ತೂಕ ಮಾತ್ರ ಹಗುರಲ್ಲ. ಅಪ್ಪಟ ಕಾರ್ಬನ್ ಪದರಗಳಿಂದಲೇ ಮಾಡಿದ ಹಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.6 ಗ್ರಾಮಿನ ಆಸುಪಾಸು, ಅಲ್ಯೂಮಿನಿಯಂ 2.7, ಉಕ್ಕು 7.8. ಈ ಲೆಕ್ಕದ ಲಾಭ ಸಿಗಬೇಕಾದರೆ ಭಾಗ ಪೂರ್ತಿ ಕಾರ್ಬನ್ ಆಗಿರಬೇಕು, ಹಳೆಯ ಭಾಗವನ್ನು ಬಿಚ್ಚಿ ಅದರ ಜಾಗದಲ್ಲಿ ಕೂರಿಸಬೇಕು. ಇದ್ದದ್ದರ ಮೇಲೆ ಅಂಟಿಸುವ ಯಾವ ತುಂಡೂ ತೂಕ ಕೂಡಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಗಿರಣಿಚಾಳ (ಹುಬ್ಬಳ್ಳಿ), ಆಗಸ್ಟ್ 3

ಹಿರ‍್ಯಾರು ಹೇಳಿದ್ದು ಖರೇ ಅದ. ನನ್ನ ಅನುಭವ ಹೇಳ್ತೀನಿ ಕೇಳ್ರಿ. ಮೂರು ವರ್ಷದ ಹಿಂದ ಆನ್‌ಲೈನ್‌ನ್ಯಾಗ ಒಂದು ಕಾರ್ಬನ್ ಬಾನೆಟ್ ತರಿಸಿದ್ದೆ. ಬಂದ ದಿನ ಏನ್ ಹೊಳಪು ಅಂತೀರಿ, ಓಣಿ ಮಂದಿ ಎಲ್ಲಾ ನಿಂತು ನೋಡಿದ್ರು. ಒಂದು ಬ್ಯಾಸಗಿ ಮುಗಿಯೂದ್ರಾಗ ನಡುವಿನ ಭಾಗ ಹಳದಿ ತಿರುಗ್ತು, ಎರಡನೇ ಬ್ಯಾಸಗಿಗೆ ಮ್ಯಾಲಿನ ಪದರ ಹಾಲಿನ ಕೆನಿ ಹಂಗ ಬೆಳ್ಳಗಾಗಿ ಸುಲೀಲಿಕ್ಕೆ ಹತ್ತಿತು. ಮಾರಿದಾವ್ರಿಗೆ ಫೋನ್ ಹಚ್ಚಿದ್ರ ಬಿಸಲಾಗ ನಿಲ್ಲಿಸಬ್ಯಾಡ್ರಿ ಅಂದ್ರು. ಕಾರು ಬಿಸಲಾಗ ನಿಲ್ಲಿಸದ ಎಲ್ಲಿ ನಿಲ್ಲಸೂದ್ರಿ? ಹಳೇ ಬಾನೆಟ್ ಅಟ್ಟದ ಮ್ಯಾಲ ಇಟ್ಟಿದ್ದೆ, ಅದನ್ನ ಇಳಿಸಿ ಹಾಕ್ಕೊಂಡೆ. ಹಳೇ ಸಾಮಾನು ಯಾರೂ ಗುಜರಿಗೆ ಹಾಕಬ್ಯಾಡ್ರಿ, ಕೈಮುಗಿದು ಹೇಳ್ತೀನಿ.

ಮುರುಗೇಶಪಾಳ್ಯದ ಹಳಬ, ಆಗಸ್ಟ್ 3

ಗಿರಣಿಚಾಳ ಅವರೇ, ನಿಮಗಾದದ್ದು ಕೇಳಿ ಬೇಸರವಾಯಿತು. ಹಳದಿಯಾದದ್ದು ಕಾರ್ಬನ್ ಅಲ್ಲ, ಎಪಾಕ್ಸಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ತಡೆಯುವುದಿಲ್ಲ. ಅದರ ಮೇಲೆ ಆ ಕಿರಣ ತಡೆಯುವ ಒಳ್ಳೆಯ ಕ್ಲಿಯರ್ ಕೋಟ್, ಕಾರಿಗೆ ಹೊಡೆಯುವ ಎರಡು ದ್ರವ ಬೆರೆಸಿ ಮಾಡುವ ಪಾಲಿಯುರೆಥೇನ್, ದಪ್ಪಗೆ ಇರಲೇಬೇಕು. ನೀವು ಬಿಚ್ಚಿದ ಆ ಕಾರ್ಬನ್ ಬಾನೆಟ್ಟನ್ನು ಎಸೆಯಬೇಡಿ. ಸುಲಿದ ಪದರವನ್ನು ವಾಟರ್ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ ತೆಗೆದು, ಹಳದಿ ಮೇಲ್ಮೈಯಲ್ಲೇ ನಿಂತಿದ್ದರೆ ಹೊಸ ಕ್ಲಿಯರ್ ಕೋಟ್ ಹೊಡೆಸಬಹುದು. ಒಂದೇ ಎಚ್ಚರಿಕೆ: ತಿಕ್ಕುವಾಗ ನೀರಿನಲ್ಲಿ ಕಪ್ಪು ಬಣ್ಣ ಕಂಡ ಕೂಡಲೇ ನಿಲ್ಲಿಸಿ. ಅದು ಎಳೆ ಸವೆಯುತ್ತಿರುವ ಗುರುತು. ಒಣಗಿದ್ದಾಗ ತಿಕ್ಕಲೇಬೇಡಿ. ಆ ಪುಡಿ ಚರ್ಮಕ್ಕೆ ಹೊಕ್ಕರೆ ತುರಿಕೆ, ಉಸಿರಿಗೆ ಹೋದರೆ ಕೆಡುಕು. ಮಾಸ್ಕ್, ಕೈಗವಸು, ಉದ್ದ ತೋಳಿನ ಅಂಗಿ ಮೂರೂ ಬೇಕು.

ಬಿಸಿಲೂರು (ಕಲಬುರಗಿ), ಆಗಸ್ಟ್ 4

ಕಲಬುರಗಿಯಿಂದ ಒಂದು ಪ್ರಶ್ನೆ. ನನ್ನ ಗೆಳೆಯನ ಕಾರಿನ ಹಿಂದಿನ ಸ್ಪಾಯ್ಲರ್ ನಿಜವಾದ ಕಾರ್ಬನ್ನಿಂದಲೇ ಮಾಡಿಸಿದ್ದು. ಮೇ ತಿಂಗಳು ಕಳೆದ ಮೇಲೆ ನುಣುಪಾಗಿದ್ದ ಮೈ ಮೇಲೆ ನೇಯ್ಗೆಯ ಗೆರೆ ಬೆರಳಿಗೆ ತಾಗುವ ಹಾಗೆ ಎದ್ದಿದೆ. ಹಳದಿ ಆಗಿಲ್ಲ. ಇದೇನು?

ಮುರುಗೇಶಪಾಳ್ಯದ ಹಳಬ, ಆಗಸ್ಟ್ 4

ಒಳ್ಳೆಯ ಪ್ರಶ್ನೆ ಕೇಳಿದಿರಿ. ಕೋಣೆಯ ಶಾಖದಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿಗೆ 50–60 ಡಿಗ್ರಿ ದಾಟಿದರೆ ಮೆತ್ತಗಾಗುವ ಗುಣವಿದೆ. ನಿಮ್ಮ ಕಡೆ ಗಾಳಿಯೇ 42 ಡಿಗ್ರಿ ಇದ್ದಾಗ ಕಪ್ಪು ಮೈಯ ಶಾಖ 70 ದಾಟುವುದು ಸಹಜ. ರಾಳ ಮೆತ್ತಗಾಗಿ ಕುಗ್ಗಿದಾಗ ಒಳಗಿನ ನೇಯ್ಗೆ ಮೇಲೆ ಅಚ್ಚೊತ್ತುತ್ತದೆ. ಮಾಡಿದವರು ಭಾಗವನ್ನು ಅಚ್ಚಿನಿಂದ ಬಿಡಿಸುವ ಮುಂಚೆ ಮೆಲ್ಲಗೆ ಶಾಖ ಏರಿಸಿ ಒಂದು ಸಲ ಬೇಯಿಸಿದ್ದರೆ, ನಮ್ಮಲ್ಲಿ ಪೋಸ್ಟ್ ಕ್ಯೂರ್ ಅನ್ನುತ್ತಿದ್ದೆವು, ಹೀಗಾಗುತ್ತಿರಲಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಕೊಳ್ಳುವಾಗ ಕೇಳಬೇಕಾದ ಮೊದಲ ಮಾತೇ ಇದು: "ಎಷ್ಟು ಡಿಗ್ರಿಯಲ್ಲಿ ಪೋಸ್ಟ್ ಕ್ಯೂರ್ ಮಾಡಿದ್ದೀರಿ?" ಉತ್ತರ ಬಾರದಿದ್ದರೆ ಅಂಗಡಿಯಿಂದ ಹೊರಗೆ ಬನ್ನಿ.

ತುಂಗಾತೀರ, ಆಗಸ್ಟ್ 4

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ತುಂಬಾ ಧನ್ಯವಾದ. ಹೊರಗಿನ ಬಾನೆಟ್ ಯೋಚನೆ ಬಿಟ್ಟೆ. ಆ ಗಟ್ಟಿ ತುಂಡು ನಿಜವಾದ ಕಾರ್ಬನ್ನೋ ಅಲ್ಲವೋ ಅಂಗಡಿಯಲ್ಲೇ ನಿಂತು ತಿಳಿಯೋದು ಹೇಗೆ?

ಸ್ಕ್ವೀಜಿ, ಆಗಸ್ಟ್ 4

ಹೊರಗೆ ಬೆಳಕಿಗೆ ತಂದು ಕೈಯಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿ ಸರ್. ನಿಜವಾದದ್ದರಲ್ಲಿ ಕಪ್ಪಗಿದ್ದ ಚೌಕ ಬೆಳ್ಳಗಾಗಿ, ಬೆಳ್ಳಗಿದ್ದದ್ದು ಕಪ್ಪಗಾಗುತ್ತೆ. ರೇಷ್ಮೆ ಸೀರೆ ಮಡಿಕೆ ತಿರುಗಿಸಿದಾಗ ಬಣ್ಣ ಹೊರಳೋದು ನೋಡಿದ್ದೀರಲ್ಲ, ಹಾಗೆ. ಅಚ್ಚಾಗಿರೋ ಚಿತ್ರದಲ್ಲಿ ಆ ಹೊರಳಾಟ ಬರಲ್ಲ. ಇನ್ನೊಂದು, ನಿಜವಾದದ್ದರ ಮೇಲ್ಮೈ ಗಾಜಿನ ಹಾಗೆ ನುಣುಪು, ನೇಯ್ಗೆ ಒಳಗಡೆ ಆಳದಲ್ಲಿ ಕಾಣುತ್ತೆ. ಫಿಲಂನಲ್ಲಿ ಉಬ್ಬು ಉಗುರಿಗೆ ಸಿಗುತ್ತೆ.

ಮುರುಗೇಶಪಾಳ್ಯದ ಹಳಬ, ಆಗಸ್ಟ್ 4

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಕಾರ್ಬನ್ ವಿದ್ಯುತ್ ವಾಹಕ. ಹಿಂಬದಿಯ ಕತ್ತರಿಸಿದ ಅಂಚನ್ನು ಸ್ವಲ್ಪ ಕೆರೆದು ಎರಡು ಕಡ್ಡಿ ಮುಟ್ಟಿಸಿದರೆ ಮೀಟರ್ ಕೂಗುತ್ತದೆ ಅಥವಾ ಸಣ್ಣ ಓಮ್ ತೋರಿಸುತ್ತದೆ. ಮೇಲಿನ ಕ್ಲಿಯರ್ ಕೋಟಿನ ಮೇಲೆ ಮುಟ್ಟಿಸಿದರೆ ಏನೂ ಬರುವುದಿಲ್ಲ, ಅದರಿಂದ ನಕಲಿ ಅಂತ ತಪ್ಪು ತಿಳಿಯಬೇಡಿ. ಇದೇ ಗುಣದಿಂದ ಒಂದು ತೊಂದರೆಯೂ ಇದೆ. ಷಾರ್ಕ್ ಫಿನ್ ಆಂಟೆನಾಗೆ ನಿಜವಾದ ಕಾರ್ಬನ್ ಟೋಪಿ ಹಾಕಿದರೆ ಎಫ್‌ಎಂ, ಜಿಪಿಎಸ್ ಸಂಕೇತ ಮಂಕಾಗುತ್ತದೆ. ಮುಂದಿನ ಲಾಂಛನದ ಹಿಂದೆ ರಾಡಾರ್ ಇರುವ ಕಾರಿನಲ್ಲಿ ಆ ಜಾಗಕ್ಕೂ ಹಾಕಬಾರದು.

ನಂಜನಗೂಡಿನವಳು, ಆಗಸ್ಟ್ 5

ಎಲ್ಲರೂ ಅಂದಚೆಂದದ ಬಗ್ಗೆ ಮಾತಾಡ್ತಿದ್ದೀರಿ, ನಾನು ಅಪಘಾತವಾದ ಕಾರುಗಳನ್ನು ನೋಡುವ ವಿಮಾ ಸರ್ವೇಯರ್. ನನ್ನ ಮಾತು ಸ್ವಲ್ಪ ಗಟ್ಟಿಯಾಗಿ ಕೇಳಿಸಿದರೆ ಕ್ಷಮಿಸಿ.

ಗಾಳಿಚೀಲ ಇರುವ ಯಾವ ಮುಚ್ಚಳದ ಮೇಲೂ ಗಟ್ಟಿ ತುಂಡು ಅಂಟಿಸಬೇಡಿ. ಸ್ಟೀರಿಂಗ್ ನಡುವಿನ ಹಾರ್ನ್ ಒತ್ತುವ ಜಾಗ, ಎಡಗಡೆ ಡ್ಯಾಶ್‌ಬೋರ್ಡಿನ ಮೇಲ್ಭಾಗ, ಕರ್ಟನ್ ಏರ್‌ಬ್ಯಾಗ್ ಇದ್ದರೆ ಮುಂದಿನ ಗಾಜಿನ ಪಕ್ಕದ ಕಂಬಗಳ ಒಳಕವಚ, ಇವುಗಳಲ್ಲಿ ಮೊದಲೆರಡನ್ನು ಒಡೆದು ತೆರೆದುಕೊಳ್ಳುವ ಹಾಗೆ ಒಳಗೇ ತೆಳು ಗೆರೆ ಹಾಕಿ, ಮೂರನೆಯದನ್ನು ಸರಿದು ದಾರಿ ಬಿಡುವ ಹಾಗೆ ಮಾಡಿರುತ್ತಾರೆ. ಚೀಲ ಕಣ್ಣು ಮಿಟುಕಿಸುವುದರೊಳಗೆ ಉಬ್ಬುತ್ತದೆ. ಅದರ ಮೇಲೆ ಅಂಟಿಸಿದ ತುಂಡು ಆ ರಭಸಕ್ಕೆ ಎದುರು ಕೂತವರ ಮುಖಕ್ಕೇ ಬರುತ್ತದೆ. ಮೆತ್ತನೆಯ ಫಿಲಂ ಕೂಡ ಬೇಡ, ಅದು ಆ ಒಡೆಯುವ ಗೆರೆಯನ್ನು ಬಿಗಿ ಮಾಡುತ್ತದೆ. ಗಾಳಿಚೀಲದ ಗುರುತಾದ "SRS" ಎಂಬ ಅಕ್ಷರ ಕೆತ್ತಿರುವ ಜಾಗ ಕಂಡರೆ ಅಲ್ಲಿ ಕೈಯಿಡಬೇಡಿ. ತುಂಗಾತೀರ ಅವರೇ, ನಿಮ್ಮ ತಾಯಿ ಎಡಗಡೆ ಸೀಟಿನಲ್ಲಿ ಕೂರುವವರು, ಅವರ ಎದುರಿನ ಡ್ಯಾಶ್‌ಬೋರ್ಡನ್ನು ಹಾಗೇ ಬಿಡಿ.

ಇನ್ನು ವಿಮೆ. ಬೆಲೆಬಾಳುವ ಭಾಗ ಹಾಕಿಸಿದರೆ ಪಾಲಿಸಿಯಲ್ಲಿ ಹೆಚ್ಚುವರಿ ಪರಿಕರ ಅಂತ ಬರೆಸಿ, ಬಿಲ್ ಇಟ್ಟುಕೊಳ್ಳಿ. ಬರೆಸದಿದ್ದ ಭಾಗಕ್ಕೆ ಪರಿಹಾರ ಕೇಳುವಾಗ ಜನ ಕಣ್ಣೀರು ಹಾಕುವುದನ್ನು ನೋಡಿದ್ದೇನೆ.

ಗಿರಣಿಚಾಳ, ಆಗಸ್ಟ್ 5

ಅಕ್ಕಾರ, ಛಲೋ ಹೇಳಿದ್ರಿ. ಬಾನೆಟ್, ಟಾಪ್ ಎಲ್ಲಾ ಕರಿ ಫಿಲಂ ಹಚ್ಚಿದ್ರ ಆರ್‌ಟಿಓದವ್ರು ಹಿಡೀತಾರೇನ್ರಿ?

ನಂಜನಗೂಡಿನವಳು, ಆಗಸ್ಟ್ 5

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಇದಕ್ಕೆ ಮೂಲ. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕೆ ವಿರುದ್ಧವಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಕಾರಿನ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಇಡೀ ಮೈಗೆ ಬೇರೆ ಬಣ್ಣದ ಫಿಲಂ ಹಚ್ಚುವವರು ಮೊದಲು ಆರ್‌ಟಿಓ ಕಚೇರಿಯಲ್ಲಿ ಬರೆಸಿಕೊಳ್ಳಬೇಕು. ಬಾನೆಟ್ ಮತ್ತು ಟಾಪ್ ಎರಡೂ ಅಂದರೆ ದೊಡ್ಡ ಭಾಗವೇ, ಹಚ್ಚುವ ಮುಂಚೆ ಕಚೇರಿಯಲ್ಲಿ ಕೇಳಿ. ಒಳಗಿನ ಗೇರ್ ಸುತ್ತಲಿನ ಪಟ್ಟಿ, ಹೊರಗಿನ ಕಪ್ಪು ಪಿಲ್ಲರ್ ಮೇಲೆ ಕಪ್ಪೇ ಫಿಲಂ ಹಾಕುವುದರಿಂದ ದಾಖಲೆಯಲ್ಲಿರುವ ಯಾವ ವಿವರವೂ ಬದಲಾಗುವುದಿಲ್ಲ. ನಂಬರ್ ಪ್ಲೇಟ್ ಮೇಲೆ ಮಾತ್ರ ಯಾವ ಸ್ಟಿಕ್ಕರೂ ಬೇಡ.

ತುಂಗಾತೀರ, ಆಗಸ್ಟ್ 17

ಹದಿನೈದು ದಿನ ಮಾಯವಾಗಿದ್ದಕ್ಕೆ ಕ್ಷಮೆ ಇರಲಿ. ಸ್ಕ್ವೀಜಿ ಅವರು ಫೋಟೋ ನೋಡಿ, ಗೇರ್ ಪಟ್ಟಿ ನೀವೇ ಮಾಡಬಹುದು ಅಂತ ಧೈರ್ಯ ಕೊಟ್ಟರು. ಕಾಸ್ಟ್ ಫಿಲಂ ಒಂದೂವರೆ ಅಡಿ ಅಗಲದ್ದು ತರಿಸಿದೆ. ಸ್ವಾತಂತ್ರ್ಯ ದಿನದ ರಜೆಯಲ್ಲಿ ಜಗಲಿ ಮೇಲೆ ಕೂತು ಮಾಡಿದ ಕೆಲಸ ಇದು. ಯಾರಿಗಾದರೂ ಉಪಯೋಗವಾಗಲಿ ಅಂತ ಆದದ್ದು ಆದ ಹಾಗೆ ಬರೀತೀನಿ.

ಮೊದಲು ಗೇರ್ ನಾಬ್ ಕೆಳಗಿನ ಚರ್ಮದ ಚೀಲ ಬಿಡಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪುಗಳಿಂದ ಮೇಲಕ್ಕೆ ಎತ್ತಿದೆ. ಇದಕ್ಕೆ ಸ್ಕ್ರೂಡ್ರೈವರ್ ಹಾಕಬೇಡಿ, ಅಂಚು ಕಚ್ಚಿಹೋಗುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿ ಸಾಕು. ಮಳೆಗಾಲ ಆದ್ದರಿಂದ ಕ್ಲಿಪ್ಪು ಮುರಿಯಬಾರದು ಅಂತ ಹೀಟ್ ಗನ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡೆ.

ತೊಳೆಯೋದೇ ಅರ್ಧ ದಿನ ಹಿಡಿಯಿತು. ಏಳು ವರ್ಷ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿ ಹಚ್ಚಿ ಅದರ ಸಿಲಿಕೋನ್ ಪದರ ಕೂತುಬಿಟ್ಟಿತ್ತು. ಸೋಪಿನ ನೀರಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೂರು ಸಲ ಒರೆಸಿದರೂ ನೀರಿನ ಹನಿ ಉಂಡೆಯಾಗಿ ಉರುಳುತ್ತಿತ್ತು. ನಾಲ್ಕನೇ ಸಲಕ್ಕೆ ಹನಿ ಹರಡಿಕೊಂಡಿತು. ಆಗ ಅಂಟು ಹಿಡಿಯುತ್ತದೆ ಅಂತ ಗೊತ್ತಾಯಿತು. ಗೀರುಗಳನ್ನು 800ರ ವಾಟರ್ ಪೇಪರ್‌ನಲ್ಲಿ ತಿಕ್ಕಿದೆ, ಇಲ್ಲದಿದ್ದರೆ ಅವು ಫಿಲಂ ಮೇಲೂ ಮೂಡುತ್ತವಂತೆ.

ಮೊದಲ ತುಂಡು ಹಾಳಾಯಿತು. ಕಪ್ ಇಡುವ ಗುಂಡಿಯ ಅಂಚಿನಲ್ಲಿ ಫಿಲಂ ಎಳೆದು ಕೂರಿಸಿದಾಗ ಅಲ್ಲಿನ ನೇಯ್ಗೆ ಮಾತ್ರ ಹಿಗ್ಗಿ ಚೌಕಗಳೆಲ್ಲ ಸೊಟ್ಟಗಾದವು. ಬಣ್ಣದ ಸಾದಾ ಫಿಲಂ ಆಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ, ಕಾರ್ಬನ್ ವಿನ್ಯಾಸದಲ್ಲಿ ಒಂದು ಗೆರೆ ಬಾಗಿದರೂ ಕಣ್ಣಿಗೆ ಚುಚ್ಚುತ್ತದೆ. ಸ್ಕ್ವೀಜಿ ಅವರಿಗೆ ವಿಡಿಯೋ ಕರೆ ಮಾಡಿದೆ. "ಎಳೀಬೇಡಿ ಸರ್, ಬಿಸಿ ಕೊಟ್ಟು ಕೈಬಿಡಿ, ಅದೇ ಮುದುಡಿ ಸಮ ಆಗುತ್ತೆ" ಅಂದರು. ಹಾಗೇ ಮಾಡಿದೆ. ಸುಕ್ಕುಗಟ್ಟಿದ ಫಿಲಂ ಬಿಸಿ ಗಾಳಿ ತಾಗಿದ ಕೂಡಲೇ ಕಣ್ಣೆದುರಿಗೇ ಚಪ್ಪಟೆಯಾಗಿ ಮೊದಲಿನ ಹಾಗಾಯಿತು! ಆ ತುಂಡು ಆಗಲೇ ಕೊಳೆಯಾಗಿತ್ತು, ಎರಡನೆಯದನ್ನು ತೆಗೆದುಕೊಂಡೆ.

ಈ ಸಲ ಚಪ್ಪಟೆ ಭಾಗದ ನಡುವಿನಿಂದ ಶುರು ಮಾಡಿ ಹೊರಕ್ಕೆ ಒತ್ತುತ್ತಾ ಬಂದೆ. ಗುಂಡಿಯ ಬಾಯಿ ಮೇಲೆ ಫಿಲಂ ತಮಟೆ ಚರ್ಮದ ಹಾಗೆ ಬಿಗಿಯಾಗಿ ನಿಂತಿತ್ತು. ನಡುವಿಗೆ ನಕ್ಷತ್ರದ ಹಾಗೆ ಎಂಟು ಸೀಳು ಹಾಕಿದೆ, ಅಂಚಿಗೆ ಎರಡು ಮಿಲಿಮೀಟರ್ ಇರುವಾಗಲೇ ಬ್ಲೇಡ್ ನಿಲ್ಲಿಸಿದೆ. ಒಂದೊಂದೇ ದಳವನ್ನು ಬಿಸಿ ಮಾಡಿ ಒಳಕ್ಕೆ ಮಡಚಿದೆ. ಹೊರಗಿನ ಅಂಚನ್ನೆಲ್ಲ ಹಿಂಬದಿಗೆ ಒಂದು ಸೆಂಟಿಮೀಟರ್ ಸುತ್ತಿ, ಕೊನೆಗೆ ಮಡಿಕೆಗಳಿಗೆಲ್ಲ ಇನ್ನೊಂದು ಸಲ ಜೋರಾಗಿ ಬಿಸಿ ಕೊಟ್ಟೆ. ಈ ಕೊನೇ ಬಿಸಿಯಿಂದ ಫಿಲಂ ತನ್ನ ಹಳೆಯ ಆಕಾರ ಮರೆಯುತ್ತದೆ ಅಂತ ಸ್ಕ್ವೀಜಿ ಹೇಳಿದ್ದರು.

ಸಂಜೆ ಅಮ್ಮ ಬಂದು ಕೂತು ಬೆರಳಾಡಿಸಿ, "ಇದೇನೋ, ಚಾಪೆ ಹೆಣೆದ ಹಾಗಿದೆ" ಅಂದರು. ತುಂಬಾ ಖುಷಿಯಾಯಿತು.

ಸ್ಕ್ವೀಜಿ, ಆಗಸ್ಟ್ 17

ಫೋಟೋ ನೋಡಿದೆ ಸರ್, ನಮ್ಮ ಹುಡುಗರಿಗೂ ತೋರಿಸಿದೆ. ಕೆಲಸ ಕಲಿಯೋಕೆ ಬಂದವರು ಎಷ್ಟೋ ಜನ ಒರೆಸೋ ಹಂತದಲ್ಲೇ ಅವಸರ ಮಾಡ್ತಾರೆ, ನೀವು ಹನಿ ನೋಡಿದ್ದು ಸರಿ. ಕನ್ನಡಿ ಕವರ್ ಮತ್ತು ಪಿಲ್ಲರ್ ಮಾಡುವಾಗ ಒಂದು ನೆನಪಿರಲಿ, ಎಡ ಬಲ ಎರಡರಲ್ಲೂ ಓರೆ ಗೆರೆ ಎದುರುಬದುರಾಗಿ ಓಡಬೇಕು. ಎಡದಲ್ಲಿ ಮುಂದಕ್ಕೆ ಏರಿದರೆ ಬಲದಲ್ಲೂ ಮುಂದಕ್ಕೇ ಏರಬೇಕು. ಸುರುಳಿಯಿಂದ ಎರಡು ತುಂಡನ್ನೂ ಒಂದೇ ದಿಕ್ಕಿಗೆ ಕತ್ತರಿಸಿದರೆ ಇದು ಬರಲ್ಲ, ಒಂದನ್ನ ಕಾಲು ಸುತ್ತು ತಿರುಗಿಸಿ ಕತ್ತರಿಸಿ. ಸುಮ್ಮನೆ ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳೋಕೆ ಬರಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತೆ.

ಕುಡ್ಲದಾಯೆ (ಮಂಗಳೂರು), ಆಗಸ್ಟ್ 18

ಚಂದ ಆಯಿತು ಮಾರಾಯ್ರೆ. ನಮ್ಮ ಕರಾವಳಿಯವರಿಗೆ ಒಂದು ಸೂಚನೆ ಉಂಟು. ಹೊರಗಿನ ಫಿಲಂನ ಅಂಚಿಗೆ ಅಂಟು ಬಿಗಿಯಾಗಿ ಹಿಡಿಸುವ ಪ್ರೈಮರ್ ಹಚ್ಚದೆ ಬಿಟ್ಟರೆ ನಮ್ಮ ನಾಲ್ಕು ತಿಂಗಳ ಮಳೆಗೆ ನಿಲ್ಲುವುದಿಲ್ಲ. ಪ್ರೆಶರ್ ವಾಶ್ ಕೊಡುವಾಗ ನೀರಿನ ನಳಿಗೆಯನ್ನು ಅಂಚಿನಿಂದ ದೂರ ಇಡಲಿಕ್ಕೆ ಹೇಳಿ. ಮತ್ತೆ ನಿಜವಾದ ಕಾರ್ಬನ್ ಭಾಗವನ್ನು ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಸೀದಾ ಬೋಲ್ಟ್ ಮಾಡಬೇಡಿ. ನನ್ನ ಕಾರಿನ ಹಿಂದಿನ ಡಿಫ್ಯೂಸರ್ (ಬಂಪರ್ ಕೆಳಗಿನ ಭಾಗ) ಬಿಚ್ಚಿದಾಗ ಬ್ರಾಕೆಟ್ಟಿನ ಸುತ್ತ ಸುಣ್ಣದ ಪುಡಿಯ ಹಾಗೆ ಬಿಳಿ ಬಂದಿತ್ತು.

ಮುರುಗೇಶಪಾಳ್ಯದ ಹಳಬ, ಆಗಸ್ಟ್ 18

ಕಾರ್ಬನ್ನೂ ಅಲ್ಯೂಮಿನಿಯಮ್ಮೂ ತಾಗಿಕೊಂಡಿದ್ದು, ನಡುವೆ ಉಪ್ಪುನೀರು ಸೇರಿದರೆ ಅದೊಂದು ಬ್ಯಾಟರಿಯಾದಂತೆ. ಸವೆಯುವುದು ಅಲ್ಯೂಮಿನಿಯಂ. ಸತು ಲೇಪದ ಉಕ್ಕಿನ ಬೋಲ್ಟೂ ಹಾಗೇ ತುಕ್ಕು ಹಿಡಿಯುತ್ತದೆ. ವಿಮಾನದಲ್ಲಿ ನಡುವೆ ಗಾಜಿನ ನಾರಿನ ಒಂದು ಪದರ ಹಾಕಿ ಬೇರ್ಪಡಿಸುತ್ತಾರೆ, ಇಲ್ಲವೇ ಟೈಟಾನಿಯಂ ಬಳಸುತ್ತಾರೆ. ನೀವು ಸ್ಟೇನ್‌ಲೆಸ್ ಬೋಲ್ಟ್, ನೈಲಾನ್ ವಾಷರ್, ಬ್ರಾಕೆಟ್ಟಿನ ಮೇಲೆ ಒಂದು ರಬ್ಬರ್ ಹಾಳೆ ಹಾಕಿ. ಸಾಕು.

ಬಿಸಿಲೂರು, ಸೆಪ್ಟೆಂಬರ್ 20

ಆಯುಧಪೂಜೆ ಹತ್ತಿರ ಬಂತು, ಅದಕ್ಕೇ ಈ ಮಾತು. ಹೋದ ವರ್ಷ ನಾನು ಹೊಸದಾಗಿ ಫಿಲಂ ಹಾಕಿಸಿದ ಬಾನೆಟ್ ಮೇಲೆ ಅರಿಶಿನ ಕಲಸಿ ಬೊಟ್ಟಿಟ್ಟು, ಚೆಂಡು ಹೂವಿನ ಹಾರವನ್ನು ಎರಡು ದಿನ ಬಿಟ್ಟಿದ್ದೆವು. ನೇಯ್ಗೆಯ ಸಂದಿನಲ್ಲೆಲ್ಲ ಹಳದಿ ಕೂತುಬಿಟ್ಟಿತು. ಪೂಜೆ ಬಿಡುವ ಮಾತೇ ಇಲ್ಲ. ಏನು ಮಾಡಬಹುದು?

ಸ್ಕ್ವೀಜಿ, ಸೆಪ್ಟೆಂಬರ್ 20

ಪ್ರತಿ ವರ್ಷ ದಸರಾ ಮುಗಿದ ವಾರ ನಮ್ಮ ಅಂಗಡಿಗೆ ಇಂಥ ಹತ್ತಾರು ಕಾರು ಬರುತ್ತೆ ಸರ್. ಬೊಟ್ಟನ್ನು ಗಾಜಿನ ಮೇಲೆ ಇಡಿ, ಗಾಜಿಗೆ ಕಲೆ ಹಿಡಿಯಲ್ಲ. ಬಾನೆಟ್ ಮೇಲೇ ಇಡಬೇಕು ಅಂತ ಮನೆಯವರ ಆಸೆಯಾದರೆ ಕೆಳಗೊಂದು ವೀಳ್ಯದೆಲೆ ಇಟ್ಟು ಅದರ ಮೇಲೆ ಇಡಲಿ. ಹಾರವನ್ನು ಸಂಜೆಗೆ ತೆಗೆದು ಬರೀ ನೀರಲ್ಲಿ ತೊಳೀರಿ. ಅರಿಶಿನದ ಕಲೆ ಆಗಿಹೋಗಿದ್ದರೆ ತೆಳು ಆಲ್ಕೋಹಾಲ್‌ನಲ್ಲಿ ಮೆಲ್ಲಗೆ ಒರೆಸಿ, ಉಳಿದದ್ದನ್ನ ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಕುಂದುತ್ತೆ. ಬೂದುಗುಂಬಳ ಒಡೆದಾಗ ಚಿಮ್ಮುವ ಕುಂಕುಮದ ನೀರನ್ನ ಮಾತ್ರ ಒಣಗೋಕೆ ಬಿಡಬೇಡಿ.

ತುಂಗಾತೀರ, ಅಕ್ಟೋಬರ್ 5

ಕೊನೆಯ ವರದಿ. ಎರಡು ಕನ್ನಡಿ ಕವರ್ ಮೈಸೂರಿಗೆ ಕಳಿಸಿ ಸ್ಕ್ವೀಜಿ ಅವರ ಕೈಯಲ್ಲೇ ಮಾಡಿಸಿದೆ, ಅಷ್ಟು ಬಾಗು ನನ್ನಿಂದ ಆಗದ ಕೆಲಸ. ಪಿಲ್ಲರ್ ಪಟ್ಟಿ ನಾನೇ ಹಚ್ಚಿದೆ, ಗೆರೆ ಎರಡೂ ಕಡೆ ಮುಂದಕ್ಕೆ ಏರುತ್ತದೆ. ಮಲೆನಾಡಿನ ಉಳಿದ ಮಳೆಯನ್ನೆಲ್ಲ ಕಂಡಾಯಿತು, ಹೊರಗೆ ಒಂದು ಅಂಚೂ ಎದ್ದಿಲ್ಲ. ಒಳಗೆ ಕಪ್ ಗುಂಡಿಯ ಒಂದು ದಳ ಎರಡು ಮಿಲಿಮೀಟರ್ ಬಿಟ್ಟುಕೊಂಡಿತ್ತು, ದಿನವೂ ನೀರಿನ ಬಾಟಲಿ ಉಜ್ಜುವ ಜಾಗ ಅದು. ಬಿಸಿ ಕೊಟ್ಟು ಒತ್ತಿದೆ, ಮತ್ತೆ ಕೂತಿದೆ. ಆಯುಧಪೂಜೆಗೆ ಅಮ್ಮ ಬೊಟ್ಟನ್ನು ಗಾಜಿನ ಮೇಲೇ ಇಟ್ಟರು. ಎಡಗಡೆ ಡ್ಯಾಶ್‌ಬೋರ್ಡ್ ಕಂಪನಿಯಿಂದ ಬಂದ ಹಾಗೇ ಇದೆ ನಂಜನಗೂಡಿನ ಅಕ್ಕ.

ಫಿಲಂ ಇನ್ನೂ ಒಂದಡಿ ಉಳಿದಿದೆ. ಶಿವಮೊಗ್ಗದ ಸುತ್ತಮುತ್ತ ಯಾರಿಗಾದರೂ ಕೈ ಪಳಗಿಸಿಕೊಳ್ಳಲು ಬೇಕಿದ್ದರೆ ಹೇಳಿ, ದುಡ್ಡು ಬೇಡ.

ಉಕ್ಕಿನೂರ ಹುಡುಗ (ಭದ್ರಾವತಿ), ಅಕ್ಟೋಬರ್ 5

ನನಗೆ ಬೇಕು ಅಣ್ಣ. ಭಾನುವಾರ ಬರ್ತೀನಿ, ಹೀಟ್ ಗನ್ನೂ ಒಂದು ದಿನದ ಮಟ್ಟಿಗೆ ಕೊಡ್ತೀರಾ?

ತುಂಗಾತೀರ, ಅಕ್ಟೋಬರ್ 5

ಬೆಳಗ್ಗೆ ಬಾ ತಮ್ಮ, ತಿಂಡಿ ಇಲ್ಲೇ. ನಿನ್ನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿಕೊಂಡೇ ತಾ, ಜಗಲಿ ಮೇಲೆ ಕೂತು ಹಚ್ಚೋಣ. ಬರುವ ಮುಂಚೆ ಸೋಪಿನ ನೀರಲ್ಲಿ ಎರಡು ಸಲ ತೊಳೆದಿರು.